ಅಟ್ಟದ ಮೇಲಿನ ಗ್ರಂಥಗಳೂ ಅನುದಾನದ ಅರ್ಜಿಗಳೂ

ಗ್ರಂಥದೊಳಗೆ ಏನಿದೆ ಎಂಬುದನ್ನು ಅಭ್ಯಾಸ ಮಾಡುವ ವಿದ್ವಾಂಸರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದು ಗ್ರಂಥವನ್ನು ಯಾರು ಅಚ್ಚು ಹಾಕಿದರು, ಎಷ್ಟು ಬೆಲೆಗೆ ಮಾರಿದರು, ಯಾರು ಕೊಂಡರು, ಅದು ಯಾವ ದಾರಿಯಿಂದ ಯಾವ ಊರಿನ ಯಾವ ಮನೆಗೆ ಬಂದು ಸೇರಿತು ಎಂದು ವಿಚಾರಿಸುವವರು ವಿರಳ. ಹೊರದೇಶಗಳಲ್ಲಿ ಇದು ಗ್ರಂಥ ಚರಿತ್ರೆ ಎಂಬ ಹೆಸರಿನಲ್ಲಿ ಒಂದು ಸ್ವತಂತ್ರ ಶಾಸ್ತ್ರವಾಗಿ ಬೆಳೆದಿದೆ. ಅದಕ್ಕೆ ಸಂಘಗಳಿವೆ, ಗ್ರಂಥಾಲಯಗಳ ಬೆಂಬಲವಿದೆ, ಧನಸಹಾಯವೂ ಇದೆ. ನಮ್ಮ ದೇಶದಲ್ಲಿಯೂ ಈ ಕೆಲಸಕ್ಕೆ ಸಲ್ಲುವ ಹಣ ತಕ್ಕಮಟ್ಟಿಗೆ ಇದೆ. ಕಾಸರಗೋಡಿನ ಕನ್ನಡಿಗರು ಅದರ ಪ್ರಯೋಜನವನ್ನು ಹೇಗೆ ಪಡೆಯಬಹುದು ಎಂಬುದೇ ಇಂದಿನ ವಿಚಾರ.

ಬೇರೆ ಕಡೆಯವರಿಗೆ ಇದು ಪಾಂಡಿತ್ಯದ ಪ್ರಶ್ನೆಯಾಗಿರಬಹುದು. ನಮಗೆ ಇದು ಅಸ್ತಿತ್ವದ ಪ್ರಶ್ನೆ. ಕನ್ನಡವು ಈ ನೆಲಕ್ಕೆ ಹೊರಗಿನಿಂದ ಬಂದ ಭಾಷೆಯಲ್ಲವೆಂದು 1956ರ ನವಂಬರ 1ರಿಂದೀಚೆಗೆ ನಾವು ಸಭೆ ಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ, ಮನವಿಗಳಲ್ಲಿ ಬರೆಯುತ್ತ ಬಂದಿದ್ದೇವೆ. ಆ ಮಾತಿಗೆ ಬೇಕಾದ ಸಾಕ್ಷ್ಯವು ನಮ್ಮ ಅಟ್ಟಗಳಲ್ಲಿ ಧೂಳು ಹಿಡಿದು ಬಿದ್ದಿದೆ. ಯಕ್ಷಗಾನ ಪ್ರಸಂಗದ ಒಂದು ಹಳೆಯ ಪುಸ್ತಕವನ್ನು ತೆರೆದು ನೋಡಿ. ಮೊದಲ ಪುಟದಲ್ಲಿ ಅಚ್ಚುಕೂಟದ ಹೆಸರು, ಊರು, ವರ್ಷ, ಬೆಲೆ ಇರುತ್ತವೆ. ಅದರ ಪಕ್ಕದಲ್ಲಿ ಮಸಿಯಲ್ಲಿ ಬರೆದ ಯಜಮಾನರ ಹೆಸರು, ಮನೆತನ, ಕೊಂಡ ದಿನ ಇರುತ್ತವೆ. ಅಂಚಿನಲ್ಲಿ ಭಾಗವತರು ರಾಗತಾಳಗಳನ್ನು ಗುರುತಿಸಿರುತ್ತಾರೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಕನ್ನಡ ಯಾರ ಮನೆಯಲ್ಲಿ, ಯಾವ ಕಾಲದಲ್ಲಿ, ಹೇಗೆ ಬಾಳಿತೆಂಬುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಯಾವ ಕಚೇರಿಯಲ್ಲಿ ಸಿಕ್ಕೀತು?

ಆದರೆ ಮನೆಯಲ್ಲಿ ಓದುತ್ತಿದ್ದ ಹಿರಿಯರು ಕಣ್ಮುಚ್ಚಿದರೆ ಪುಸ್ತಕಗಳ ಗತಿ ಏನೆಂಬುದನ್ನು ಎಲ್ಲರೂ ಬಲ್ಲರು. ಮಕ್ಕಳು ಬೇರೆ ಮಾಧ್ಯಮದಲ್ಲಿ ಕಲಿತವರು, ಮೊಮ್ಮಕ್ಕಳಿಗೆ ಕನ್ನಡ ಅಕ್ಷರವೇ ಅಪರಿಚಿತ. ಹಳೆಯ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟುವಾಗ ಅಟ್ಟದಲ್ಲಿದ್ದುದೆಲ್ಲ ಗುಜರಿಯವನ ತಕ್ಕಡಿಗೆ ಏರುತ್ತದೆ. ಉಳಿದುದನ್ನು ಗೆದ್ದಲು ತಿನ್ನುತ್ತದೆ.

ಕನ್ನಡ ಗ್ರಂಥಗಳ ಕೆಲಸಕ್ಕೆ ಹೊರಗಿನವರ ಹಣ ಬಂದದ್ದು ಇಂದು ನಿನ್ನೆಯ ಸಂಗತಿಯಲ್ಲ. ಮಂಗಳೂರಿನ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದುದು ಎಲ್ಲರಿಗೂ ಗೊತ್ತು. ಜೈಮಿನಿ ಭಾರತ, ದಾಸರ ಪದಗಳು, ಬಸವ ಪುರಾಣ ಮುಂತಾದವನ್ನು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಾಗಿ 1848ರಿಂದ ಅವನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದಾಗ ಅದಕ್ಕೆ ಹಣ ಒದಗಿಸಿದವನು ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಎಂಬುದು ಅನೇಕರಿಗೆ ತಿಳಿಯದು. ಈ ಕೆಲಸಕ್ಕಾಗಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಮೋಗ್ಲಿಂಗನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಈ ಕಾಲದ ಅಚ್ಚಿನ ಕಥೆಯನ್ನೆಲ್ಲ ಬಗೆದು ತೆಗೆದ ಶ್ರೀನಿವಾಸ ಹಾವನೂರರು ವೃತ್ತಿಯಿಂದ ಗ್ರಂಥಪಾಲಕರು. ಅವರ 'ಹೊಸಗನ್ನಡದ ಅರುಣೋದಯ' 1974ರಲ್ಲಿ ಪ್ರಕಟವಾಯಿತು. ಗ್ರಂಥಗಳ ಚರಿತ್ರೆ ನಮ್ಮ ಸಾಹಿತ್ಯ ಚರಿತ್ರೆಯನ್ನೇ ತಿದ್ದಬಲ್ಲದೆಂಬುದಕ್ಕೆ ಆ ಒಂದು ಕೃತಿಯ ಉದಾಹರಣೆ ಸಾಕು.

ಈಗ ಹಣದ ಮೂಲಗಳನ್ನು ನೋಡೋಣ. ಹೊರದೇಶದ ಮೂಲಗಳಲ್ಲಿ ಮುಖ್ಯವಾದುದು ಲಂಡನಿನ ಬ್ರಿಟಿಷ್ ಲೈಬ್ರರಿಯು 2004ರಲ್ಲಿ ಆರಂಭಿಸಿದ ಅಪಾಯದಂಚಿನ ದಾಖಲೆಗಳ ಯೋಜನೆ. ಆರ್ಕೇಡಿಯಾ ಎಂಬ ದತ್ತಿಯ ಹಣದಿಂದ ನಡೆದು ಬಂದ ಈ ಯೋಜನೆಯ ಒಂದು ನಿಯಮ ನಮಗೆ ವಿಶೇಷವಾಗಿ ಹಿಡಿಸುವಂಥದು. ಮೂಲ ಗ್ರಂಥಗಳು ದೇಶ ಬಿಟ್ಟು ಹೋಗಬಾರದು. ಸ್ಥಳದಲ್ಲೇ ಛಾಯಾಪ್ರತಿ ತೆಗೆಯಬೇಕು, ಸ್ಥಳೀಯರಿಗೆ ತರಬೇತಿ ಕೊಡಬೇಕು, ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಇರಬೇಕು. ಅದೇ ದತ್ತಿಯ ನೆರವಿನಿಂದ 2018ರಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯವೊಂದು 20ನೆಯ ಶತಮಾನದ ದಾಖಲೆಗಳಿಗಾಗಿ ಇಂಥದೇ ಯೋಜನೆ ತೆರೆಯಿತು. ಪತ್ರಿಕೆ, ಕರಪತ್ರ, ಛಾಯಾಚಿತ್ರಗಳೆಲ್ಲ ಅದರ ವ್ಯಾಪ್ತಿಯಲ್ಲಿ ಬರುತ್ತವೆ. ಬಿಡಿ ವಿದ್ವಾಂಸರಿಗೆ ಲಂಡನಿನಲ್ಲಿ 1892ರಲ್ಲಿ ಸ್ಥಾಪನೆಯಾದ ಬಿಬ್ಲಿಯಾಗ್ರಫಿಕಲ್ ಸೊಸೈಟಿಯೂ ಅಮೇರಿಕದಲ್ಲಿ 1904ರಲ್ಲಿ ಹುಟ್ಟಿದ ಅದೇ ಬಗೆಯ ಸಂಘವೂ ಅಲ್ಪಾವಧಿಯ ಸಂಶೋಧನ ಸಹಾಯ ನೀಡುತ್ತ ಬಂದಿವೆ. ಬ್ರಿಟನ್ನಿಗೆ ಹೋಗಿ ಕೆಲವು ವಾರ ಗ್ರಂಥಾಲಯದಲ್ಲಿ ಕೆಲಸ ಮಾಡಬೇಕೆನ್ನುವ ಭಾರತೀಯರಿಗೆ 1981ರ ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್ ಇದೆ.

ಕನ್ನಡದ ಕೆಲಸಕ್ಕೆ ಲಂಡನಿಗೇಕೆ ಹೋಗಬೇಕೆಂದು ಕೇಳುವವರುಂಟು. 1867ರ ಮುದ್ರಣ ಕಾಯಿದೆಯ ಪ್ರಕಾರ ಇಲ್ಲಿ ಅಚ್ಚಾದ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಸರಕಾರಕ್ಕೆ ಒಪ್ಪಿಸಬೇಕಾಗಿತ್ತು. ಅವುಗಳಲ್ಲಿ ಆರಿಸಿದವು ಹಡಗು ಏರಿದವು. ಬ್ರಿಟಿಷ್ ಮ್ಯೂಸಿಯಮಿನಲ್ಲಿದ್ದ ಕನ್ನಡ, ಬಡಗ, ಕೊಡಗು ಭಾಷೆಗಳ ಗ್ರಂಥಗಳಿಗೆ ಬಾರ್ನೆಟ್ ಎಂಬ ವಿದ್ವಾಂಸರು ಮಾಡಿದ ಪಟ್ಟಿ 1910ರಲ್ಲಿಯೇ ಪುಸ್ತಕವಾಗಿ ಬಂತು. ಏಳು ಸಮುದ್ರದಾಚೆಯ ಕನ್ನಡ ಪುಸ್ತಕಗಳಿಗೆ ನೂರು ವರ್ಷಕ್ಕೂ ಹಿಂದೆ ಪಟ್ಟಿಯಾಗಿದೆ. ನಮ್ಮ ಪೆಟ್ಟಿಗೆ, ಅಟ್ಟ, ಕಪಾಟುಗಳಲ್ಲಿರುವುದಕ್ಕೆ ಪಟ್ಟಿ ಎಲ್ಲಿದೆ?

ದೇಶದೊಳಗಿನ ಮೂಲಗಳಲ್ಲಿ ಇತ್ತೀಚಿನದು ಕೇಂದ್ರ ಸರಕಾರದ 'ಜ್ಞಾನ ಭಾರತಂ'. 2003ರಲ್ಲಿ ಆರಂಭವಾಗಿದ್ದ ಹಸ್ತಪ್ರತಿ ಅಭಿಯಾನಕ್ಕೆ ಹೊಸ ರೂಪ ಕೊಟ್ಟು 2025ರ ಆಯವ್ಯಯದಲ್ಲಿ ಇದನ್ನು ಘೋಷಿಸಲಾಯಿತು. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆ ಅದರ ಗುರಿ. ಬಾಬ್ತಿನ ಮೊಬಲಗು 3.5 ಕೋಟಿಯಿಂದ 60 ಕೋಟಿ ರೂಪಾಯಿಗೆ ಏರಿತು. ನಮ್ಮಲ್ಲಿ ಓಲೆಗರಿಯ ಕಟ್ಟು ಇಟ್ಟುಕೊಂಡಿರುವ ಮನೆಗಳು, ಮಠ ದೇವಸ್ಥಾನಗಳು ಇದರತ್ತ ಕೂಡಲೇ ಗಮನ ಹರಿಸಬೇಕು. ಆದರೆ ಇಲ್ಲೊಂದು ತೊಡಕಿದೆ. ಹಸ್ತಪ್ರತಿ ಅಭಿಯಾನದ ವ್ಯಾಖ್ಯೆಯಂತೆ ಕನಿಷ್ಠ 75 ವರ್ಷ ಹಳೆಯದಾದ ಕೈಬರಹಕ್ಕೆ ಮಾತ್ರ ಹಸ್ತಪ್ರತಿಯೆಂಬ ಹೆಸರು. ಕಲ್ಲಚ್ಚಿನ ಪುಸ್ತಕವಾಗಲಿ ಮೊಳೆಯಚ್ಚಿನ ಪುಸ್ತಕವಾಗಲಿ ಅದರಲ್ಲಿ ಸೇರದು. ಒಂದೇ ಪ್ರಸಂಗದ ಓಲೆ ಪ್ರತಿಗೆ ರಕ್ಷಣೆ ಸಿಕ್ಕೀತು, ಅದರ ಪಕ್ಕದಲ್ಲೇ ಇರುವ, ನೂರಿಪ್ಪತ್ತು ವರ್ಷ ಹಳೆಯದಾದ, ಬೇರೆಲ್ಲೂ ಉಳಿದಿರದ ಅಚ್ಚಿನ ಪ್ರತಿಗೆ ಸಿಕ್ಕದು. ಹಳೆಯ ಮುದ್ರಿತ ಗ್ರಂಥಗಳನ್ನೂ ಸೇರಿಸಬೇಕೆಂದು ನಮ್ಮ ಸಂಸತ್ ಸದಸ್ಯರ ಮೂಲಕ ಒತ್ತಾಯಿಸುವುದು ಅವಶ್ಯ.

ಸಂಶೋಧನೆ ಮಾಡಬಯಸುವ ತರುಣರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಪರೀಕ್ಷೆಯಿದೆ. ಅದರಲ್ಲಿ ಕನ್ನಡವೂ ಒಂದು ವಿಷಯ, ಗ್ರಂಥಾಲಯ ವಿಜ್ಞಾನವೂ ಒಂದು ವಿಷಯ. ಕಿರಿಯ ಸಂಶೋಧಕರ ವೇತನವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಗಿದೆ. ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ಓದುವ ವಿದ್ಯಾರ್ಥಿಯು ಮತ್ತೊಂದು ಕಾದಂಬರಿ ಸಮೀಕ್ಷೆಯ ಬದಲಿಗೆ ತನ್ನ ತಾಲೂಕಿನ ಪುಸ್ತಕಗಳ ಚರಿತ್ರೆಯನ್ನೇ ವಿಷಯವಾಗಿ ಆರಿಸಬಾರದೇಕೆ? ಡಿಗ್ರಿಯ ಗೊಡವೆಯಿಲ್ಲದೆ ಕೆಲಸ ಮಾಡಬಯಸುವವರಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಕಲೆಗೆ ಸಂಬಂಧಿಸಿದ ಸಂಶೋಧನೆಗೆ ಅದು ಅನುದಾನ ಕೊಡುತ್ತದೆ, ಅರ್ಜಿಯನ್ನು ಕನ್ನಡದಲ್ಲೇ ಬರೆದರೂ ಸ್ವೀಕರಿಸುತ್ತದೆ. ಪ್ರಸಂಗ ಪುಸ್ತಕಗಳ ಮುದ್ರಣದ ಕಥೆ ಯಕ್ಷಗಾನದ ಕಥೆಯೂ ಆದುದರಿಂದ ಅಲ್ಲಿ ಅದಕ್ಕೆ ಎಡೆಯಿದೆ.

ಊರಿನ ವಾಚನಾಲಯಗಳಿಗೆ ಇನ್ನೂ ಹತ್ತಿರದ ಹಣವಿದೆ. 1948ರ ಮದ್ರಾಸ್ ಕಾಯಿದೆಯಿಂದ ಮೊದಲ್ಗೊಂಡು ಗ್ರಂಥಾಲಯಕ್ಕೆಂದು ನಮ್ಮಿಂದ ಕರ ವಸೂಲಾಗುತ್ತಲೇ ಬಂದಿದೆ. ಇಂದು 1989ರ ಕೇರಳ ಕಾಯಿದೆಯ ಪ್ರಕಾರ ಕಟ್ಟಡ ತೆರಿಗೆಯ ಮೇಲೆ ಶೇಕಡಾ 5ರ ಗ್ರಂಥಾಲಯ ಉಪಕರವಿದೆ. ಕನ್ನಡ ಮನೆಗಳೂ ಅದನ್ನು ತೆರುತ್ತವೆ. ಆ ಹಣ ಲೈಬ್ರರಿ ಕೌನ್ಸಿಲಿನ ಮೂಲಕ ನೋಂದಾಯಿತ ಗ್ರಂಥಾಲಯಗಳಿಗೆ ಅನುದಾನವಾಗಿ ಹಿಂತಿರುಗುತ್ತದೆ. ನಮ್ಮ ಕನ್ನಡ ವಾಚನಾಲಯಗಳು ನೋಂದಣಿ ಮಾಡಿಸಿ, ಲೆಕ್ಕಪತ್ರ ಸರಿಯಾಗಿಟ್ಟು ನಮ್ಮ ಪಾಲನ್ನು ಪಡೆಯಬೇಕು. 1972ರಲ್ಲಿ ಸ್ಥಾಪನೆಯಾದ ಕಲ್ಕತ್ತೆಯ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನವೂ ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವು ನೀಡುತ್ತದೆ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಇಲ್ಲಿಯ ಸಂಘಗಳಿಗೆ ಬರುವ ಸಹಾಯದಲ್ಲಿ ಒಂದಂಶವನ್ನು ಶಾಲು, ಹಾರ, ಧ್ವನಿವರ್ಧಕಗಳಿಂದ ಉಳಿಸಿ ಇಂಥ ಕೆಲಸಕ್ಕೆ ತೆಗೆದಿಟ್ಟರೆ ಕನ್ನಡಕ್ಕೆ ನಷ್ಟವೇನೂ ಆಗದು.

ಈ ಎಲ್ಲ ಮೂಲಗಳ ನಿಯಮ, ಮೊತ್ತ, ಅರ್ಜಿಯ ಗಡುವು ವರ್ಷ ವರ್ಷ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆಯನ್ನು ನೋಡಿಯೇ ಹೊರಡಬೇಕು. ಆದರೆ ಕೊಡುವವರು ಕೇಳುವ ಪ್ರಶ್ನೆಗಳು ಮಾತ್ರ ಎಲ್ಲಿ ಹೋದರೂ ಹೆಚ್ಚು ಕಡಿಮೆ ಅವೇ. ಏನಿದೆ? ಎಷ್ಟಿದೆ? ಯಾವ ಸ್ಥಿತಿಯಲ್ಲಿದೆ? ಯಾರಿಗೆ ಸೇರಿದ್ದು? ಅವರ ಒಪ್ಪಿಗೆ ಬರಹದಲ್ಲಿದೆಯೇ? ಪ್ರತಿಗಳು ಕೊನೆಗೆ ಎಲ್ಲಿ ಇರುತ್ತವೆ? 'ನಮ್ಮಲ್ಲಿ ಅಮೂಲ್ಯ ಗ್ರಂಥಗಳು ಬಹಳ ಇವೆ' ಎಂಬ ಉತ್ತರಕ್ಕೆ ಒಂದು ಬಿಡಿಗಾಸೂ ಬರಲಾರದು. ಪಟ್ಟಿ ಇದ್ದಲ್ಲಿಗೆ ಹಣ ಬರುತ್ತದೆ. ನಮಗೆ ಹಣ ಬಾರದಿರುವುದಕ್ಕೆ ಮೊದಲ ಕಾರಣ ಯಾರ ದ್ವೇಷವೂ ಅಲ್ಲ, ಪಟ್ಟಿಯ ಅಭಾವ.

ಪಟ್ಟಿ ಮಾಡುವುದಕ್ಕೆ ಯಾವ ಅನುದಾನವೂ ಬೇಡ. ಇನ್ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ಹೆಸರು, ಗ್ರಂಥಕರ್ತ, ಅಚ್ಚುಕೂಟ, ಊರು, ವರ್ಷ, ಪುಟ, ಬೆಲೆ, ಕೈಬರಹದ ಟಿಪ್ಪಣಿ, ಈಗಿನ ಸ್ಥಿತಿ ಎಂದು ಗೆರೆ ಎಳೆಯಿರಿ. ಶಕವರ್ಷವಿದ್ದರೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಬರಿಯ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಊಹಿಸಿ ಬರೆಯದೆ ಇದ್ದಂತೆಯೇ ಬರೆಯಿರಿ. ಹಿಂಬದಿಯ ಜಾಹೀರಾತು, ಅಂಗಡಿಯ ಮುದ್ರೆ, ಶಾಲಾ ಬಹುಮಾನದ ಚೀಟಿ ಇವನ್ನು ಬಿಡಬೇಡಿ. ಗ್ರಂಥ ಚರಿತ್ರೆ ಬರೆಯುವವನಿಗೆ ಇವೇ ಬೇಕು. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿ, ಬಿಸಿಲಿಗೆ ಹರಡಬೇಡಿ. ರಟ್ಟು ಸಡಿಲವಾಗಿದ್ದರೆ ಹತ್ತಿಯ ನಾಡದಿಂದ ಮೆಲ್ಲನೆ ಕಟ್ಟಿಡಿ.

ಪಟ್ಟಿ ಕೊಟ್ಟರೆ ಪುಸ್ತಕವೇ ಕೈಬಿಟ್ಟು ಹೋದೀತೆಂಬ ಅಂಜಿಕೆ ಕೆಲವರಿಗಿದೆ. ಅದು ಆಧಾರವಿಲ್ಲದ ಅಂಜಿಕೆಯಲ್ಲ. ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಭಂಡಾರ ಇಂದು ಇರುವುದು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಸಂಶೋಧನ ಕೇಂದ್ರದಲ್ಲಿ. ಅಲ್ಲಿ ಅದು ಉಳಿಯಿತು, ವಿದ್ವಾಂಸರಿಗೆ ಒದಗಿತು, ಅದಕ್ಕಾಗಿ ನಾವು ಕೃತಜ್ಞರು. ಆದರೂ ಪೈಗಳ ಊರಿನ ಹುಡುಗ ಪೈಗಳ ಪುಸ್ತಕ ನೋಡಲು ರಾಜ್ಯ ದಾಟಬೇಕಾಗಿದೆ. ಮೂಲ ಇಲ್ಲಿಯೇ ಉಳಿದು ಪ್ರತಿ ಮಾತ್ರ ಹೊರಗೆ ಹೋಗುವ ಏರ್ಪಾಟನ್ನು ಕಾಗದದಲ್ಲಿ ಬರೆಸಿಕೊಂಡೇ ಮುಂದೆ ಕಾಲಿಡುವುದು ಜಾಣತನ.

ನೆರೆಯ ಮಲೆಯಾಳಿ ಬಾಂಧವರನ್ನು ನೋಡಿಯೂ ಕಲಿಯುವುದಿದೆ. ತಲಶ್ಶೇರಿಯಲ್ಲಿದ್ದ ಹೆರ್ಮನ್ ಗುಂಡರ್ಟ್ ಸಂಗ್ರಹಿಸಿದ ಗ್ರಂಥಗಳು ಟ್ಯೂಬಿಂಗೆನ್ನಿನಲ್ಲಿ ಹಲವು ದಶಕ ಮೌನವಾಗಿದ್ದವು. ಕೇರಳದ ಉತ್ಸಾಹಿಗಳು ಬೆನ್ನು ಬಿಡದೆ ದುಡಿದರು, ಅಲ್ಲಿಯ ಗ್ರಂಥಾಲಯ ಕೈಗೂಡಿಸಿತು. 2018ರಿಂದ ಅವೆಲ್ಲ ಗಣಕಯಂತ್ರದ ಮೂಲಕ ಯಾರ ಮನೆಯಲ್ಲಾದರೂ ಉಚಿತವಾಗಿ ತೆರೆಯುತ್ತವೆ. ಅದರಲ್ಲಿ ಕನ್ನಡ, ತುಳು ಗ್ರಂಥಗಳೂ ಇವೆ. ಅವರ ಶ್ರಮದ ಫಲವನ್ನು ನಾವೂ ಉಣ್ಣುತ್ತಿದ್ದೇವೆ. ಹೀಗಿರುವಾಗ ಮತ್ಸರಕ್ಕೆ ಎಡೆಯಿಲ್ಲ, ಅನುಕರಣೆಗೆ ಎಡೆಯಿದೆ.

ಆದುದರಿಂದ ನಮ್ಮ ಸೂಚನೆಗಳು ಮೂರು. ಪ್ರತಿಯೊಂದು ಕನ್ನಡ ಹೈಸ್ಕೂಲಿನ ಗ್ರಂಥಾಲಯದಲ್ಲಿರುವ 1956ಕ್ಕಿಂತ ಹಿಂದಿನ ಪುಸ್ತಕಗಳನ್ನು ಅಧ್ಯಾಪಕರು ಈ ವರ್ಷವೇ ಪಟ್ಟಿ ಮಾಡಲಿ. ಹಳೆಯವೆಂದು ಅವನ್ನು ರದ್ದು ಮಾಡಿ ಏಲಂ ಹಾಕುವುದು ನಿಲ್ಲಲಿ. ಜಿಲ್ಲಾ ಲೈಬ್ರರಿ ಕೌನ್ಸಿಲ್ ಕನ್ನಡ ಬಲ್ಲವರ ಮೇಲ್ವಿಚಾರಣೆಯಲ್ಲಿ ಮನೆ ಮನೆಯ ಹಳೆಯ ಕನ್ನಡ ಗ್ರಂಥಗಳ ಸಮೀಕ್ಷೆಗೆ ಉಪಕರದ ಹಣದಿಂದ ಒಂದು ಪಾಲು ತೆಗೆದಿಡಲಿ. ಕಾಲೇಜಿನ ಕನ್ನಡ ಅಧ್ಯಾಪಕರು ಆ ಪಟ್ಟಿಗಳನ್ನು ಒಟ್ಟುಗೂಡಿಸಿ, ಅರ್ಜಿ ಬರೆಯುವ ವಿದ್ಯಾರ್ಥಿಯ ಬೆನ್ನಿಗೆ ನಿಲ್ಲಲಿ.

ಓದುಗರಲ್ಲಿಯೂ ಒಂದು ವಿನಂತಿ. ಬರುವ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಿಮ್ಮ ಅಟ್ಟ ಹತ್ತಿರಿ. ಅಕ್ಷರ ಬಾರದ ಮೊಮ್ಮಗನಿಗೆ ಅಜ್ಜನೇ ಮೊದಲ ಪುಟ ಓದಿ ಹೇಳಲಿ, ಮೊಮ್ಮಗ ಅದರ ಚಿತ್ರ ತೆಗೆಯಲಿ. ಅಜ್ಜ ಓದಬಲ್ಲ ಕಾಲದಲ್ಲೇ ಆಗಬೇಕಾದ ಕೆಲಸವಿದು. ಅನುದಾನ ಇಂದು ತಪ್ಪಿದರೆ ಮುಂದಿನ ವರ್ಷ ಬಂದೀತು. ತಕ್ಕಡಿಗೆ ಏರಿದ ಪುಸ್ತಕ ಮರಳಿ ಬಾರದು.