ಹಿಂದಿನ ಸಾಲಿನವರ ಬೆಲೆ
ಡೇಟೋನಾ, ಟಲಾಡೆಗಾದಂಥ ಸೂಪರ್‌ಸ್ಪೀಡ್‌ವೇಗಳ ನಾಸ್ಕಾರ್ ರೇಸಿಗೆ ಫ್ಯಾಂಟಸಿ ತಂಡ ಕಟ್ಟುವವರು ಮುಂದಿನ ಸಾಲಿನಿಂದ ಹೊರಡುವ ಹೆಸರಾಂತ ಚಾಲಕರ ಮೋಹವನ್ನು ಬಿಡಬೇಕು ಎಂದೇ ನನ್ನ ವಾದ. ಮೇಲೇರಿದ ಪ್ರತಿ ಸ್ಥಾನಕ್ಕೂ ಅಂಕ ಕೊಟ್ಟು, ಜಾರಿದ್ದಕ್ಕೆ ಕಳೆಯುವ ಆಟಗಳಲ್ಲಿ ಮೊದಲ ಸ್ಥಾನದಿಂದ ಹೊರಟವರಿಗೆ ಏರಲು ಜಾಗವೇ ಇಲ್ಲ, ಇಳಿಯಲು ಬೇಕಾದಷ್ಟಿದೆ. ಎಂಜಿನ್ನಿನ ಶಕ್ತಿಗೆ ನಿಯಮವೇ ಕಡಿವಾಣ ಹಾಕಿರುವುದರಿಂದ ಇಲ್ಲಿ ಕಾರುಗಳು ಒಂದರ ಗಾಳಿಮರೆಯಲ್ಲಿ ಇನ್ನೊಂದು ನುಗ್ಗುತ್ತ ಗುಂಪಾಗಿಯೇ ಓಡುತ್ತವೆ. ಮುಂದೆ ಒಬ್ಬರು ಹಿಡಿತ ತಪ್ಪಿದರೆ ಹಿಂದಿನವರಿಗೆ ತಪ್ಪಿಸಿಕೊಳ್ಳಲು ದಾರಿ ಸಿಗುವುದು ಕಷ್ಟ. 2024ರ ಅಕ್ಟೋಬರಿನಲ್ಲಿ ಟಲಾಡೆಗಾದ ಒಂದೇ ಅಪಘಾತ 28 ಕಾರುಗಳನ್ನು ಸುತ್ತಿಕೊಂಡಿತು. ಅದೇ ಗುಂಪು ಹಿಂದಿನವರನ್ನು ಮುಂದಕ್ಕೂ ತರುತ್ತದೆ: 2011ರ ಡೇಟೋನಾ 500 ಗೆದ್ದ ಟ್ರೆವರ್ ಬೇನ್ ಹೊರಟದ್ದು 32ನೇ ಸ್ಥಾನದಿಂದ. ಹಾಗಾದರೆ ಎಲ್ಲವೂ ಅದೃಷ್ಟವೇ, ಚೀಟಿ ಎತ್ತಿ ತಂಡ ಕಟ್ಟಿದರೂ ಸಾಕಲ್ಲವೇ ಎಂದರೆ ಒಪ್ಪಲಾರೆ. ಅದೇ ಡೇಟೋನಾ 500 ರೇಸನ್ನು ಡೆನ್ನಿ ಹ್ಯಾಮ್ಲಿನ್ 2016, 2019, 2020ರಲ್ಲಿ ಗೆದ್ದದ್ದನ್ನು ಬರೀ ಅದೃಷ್ಟ ಎನ್ನಲಾಗದು. ಗುಂಪಿನ ಚಲನೆ ಬಲ್ಲ ಇಂಥವರು ಅರ್ಹತಾ ಸುತ್ತಿನಲ್ಲಿ ಎಡವಿ ಹಿಂದೆ ಬಿದ್ದ ದಿನವೇ ಅವರನ್ನು ಮೊದಲು ಆರಿಸಬೇಕು. ಗುಂಪಿನ ವೇಗಕ್ಕೆ ನಿಲ್ಲಲಾರದ ದುರ್ಬಲ ಕಾರು ಎಷ್ಟೇ ಹಿಂದಿದ್ದರೂ ಅದಕ್ಕೆ ಆ ಮರ್ಯಾದೆ ಸಲ್ಲದು.