ಹಲ್ಲಿನದಲ್ಲ, ನರದ ನೋವು

ಕೆಲವು ವರ್ಷಗಳ ಹಿಂದೆ ಅರವತ್ತು ದಾಟಿದ ತಾಯಿಯೊಬ್ಬರನ್ನು ಮನೆಯವರು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ದಾಸೋಹದಲ್ಲಿ ಪ್ರಸಾದವನ್ನು ಎಲೆಯಲ್ಲಿಯೇ ಬಿಟ್ಟು ಎದ್ದರೆಂದು ಅವರಿಗೆ ಅಸಮಾಧಾನ. ಆ ತಾಯಿಗೆ ಹಸಿವಿತ್ತು, ಭಕ್ತಿಯೂ ಇತ್ತು. ಆದರೆ ಒಂದು ತುತ್ತು ಅಗಿದೊಡನೆ ಬಲಗೆನ್ನೆಯಲ್ಲಿ ಮಿಂಚು ಹೊಡೆದಂತಹ ವೇದನೆ. ಅದಾಗಲೇ ಮೂರು ಹಲ್ಲುಗಳನ್ನು ಕೀಳಿಸಿಕೊಂಡಿದ್ದರೂ ನೋವು ಹೋಗಿರಲಿಲ್ಲ.

ಮುಖದ ಸ್ಪರ್ಶಜ್ಞಾನವನ್ನು ಮಿದುಳಿಗೆ ಒಯ್ಯುವ ಐದನೆಯ ಕಪಾಲನರವು ಹಣೆ, ಕೆನ್ನೆ, ಕೆಳದವಡೆಗಳಿಗೆ ಮೂರು ಕವಲಾಗಿ ಹರಡಿದೆ. ಬಹುಪಾಲು ರೋಗಿಗಳಲ್ಲಿ ಇದರ ಬುಡವನ್ನು ರಕ್ತನಾಳವೊಂದು ಒತ್ತುವುದರಿಂದ ಈ ವೇದನೆ ಹುಟ್ಟುತ್ತದೆ. ಸಾಮಾನ್ಯವಾಗಿ ಮುಖದ ಒಂದೇ ಪಾರ್ಶ್ವದಲ್ಲಿ, ಕೆಲವು ಕ್ಷಣಗಳಿಂದ 2 ನಿಮಿಷಗಳವರೆಗೆ ಇರುತ್ತದೆ. ಮುಖ ತೊಳೆಯುವುದು, ಮಾತನಾಡುವುದು, ತಂಗಾಳಿ ಸೋಕುವುದು, ವಿಭೂತಿ ಧರಿಸುವಾಗಿನ ಬೆರಳ ಸ್ಪರ್ಶವೂ ಅದನ್ನು ಕೆರಳಿಸಬಲ್ಲದು. ಹಲ್ಲುನೋವೆಂದು ಭ್ರಮಿಸಿ ಆರೋಗ್ಯವಂತ ಹಲ್ಲನ್ನು ಕೀಳಿಸುವುದು ಇಲ್ಲಿ ನಡೆಯುವ ಮೊದಲ ಪ್ರಮಾದ.

ಎರಡನೆಯ ಪ್ರಮಾದ ನಮ್ಮಂತಹ ವೈದ್ಯರದು. ಸುಶ್ರುತಸಂಹಿತೆಯು ಹೇಳುವ 11 ಶಿರೋರೋಗಗಳಲ್ಲಿ ಒಂದಾದ ಅನಂತವಾತದ ಲಕ್ಷಣಗಳು ಇದನ್ನು ಬಹುಮಟ್ಟಿಗೆ ಹೋಲುತ್ತವೆ. ಆ ಹೋಲಿಕೆಯನ್ನೇ ನೆಚ್ಚಿ ತೈಲ, ನಸ್ಯಗಳಿಂದಲೇ ಗುಣಪಡಿಸುವೆವೆಂದು ವೃತ್ತಿಯ ಆರಂಭದಲ್ಲಿ ನಾವೂ ರೋಗಿಗಳ ತಿಂಗಳುಗಳನ್ನು ಕಳೆದದ್ದುಂಟು. ಶಾಸ್ತ್ರದ ಮೇಲಿನ ಗೌರವವು ರೋಗಿಯ ನರಳಿಕೆಗಿಂತ ದೊಡ್ಡದಾಗಬಾರದು. ಇಂತಹ ರೋಗಿಯನ್ನು ಮೊದಲು ನರರೋಗತಜ್ಞರಲ್ಲಿಗೆ ಕಳುಹಿಸಬೇಕೆಂಬುದು ಇಂದು ನಮ್ಮ ದೃಢ ಅಭಿಪ್ರಾಯ. ಎಂಆರ್‌ಐ ಪರೀಕ್ಷೆಯಿಂದ ಕಾರಣ ತಿಳಿಯಬಹುದು. ಕಾರ್ಬಮಜೆಪಿನ್ ಎಂಬ ಮಾತ್ರೆ ಅನೇಕರಿಗೆ ಉಪಶಮನ ನೀಡುತ್ತದೆ. ಅದು ಸಾಲದಾದಾಗ ಶಸ್ತ್ರಚಿಕಿತ್ಸೆಯೂ ಇದೆ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಆದರೆ ಜ್ವರ, ಮೈಮೇಲೆ ಗುಳ್ಳೆ ಅಥವಾ ಬಾಯಲ್ಲಿ ಹುಣ್ಣು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಕತ್ತಿನ ಹಿಂಬದಿಯಿಂದ ನೆತ್ತಿಗೆ ಚಿಮ್ಮುವ ನೋವೂ ನರದ್ದೇ ಇರಬಹುದು. ಅದಕ್ಕಾಗಿ ಕ್ಷೌರದಂಗಡಿಯಲ್ಲಿ ಕತ್ತು ತಿರುಚಿ ಲಟಕ್ಕೆನಿಸುವುದು ಬೇಡ. ಮಿದುಳಿಗೆ ರಕ್ತವೊಯ್ಯುವ ನಾಳ ಸೀಳಿ ಪಾರ್ಶ್ವವಾಯು ಉಂಟಾದ ನಿದರ್ಶನಗಳಿವೆ.

ಹಾಗಾದರೆ ಆಯುರ್ವೇದಕ್ಕೆ ಇಲ್ಲಿ ಸ್ಥಾನವಿಲ್ಲವೇ? ಇದೆ. ಕತ್ತು, ಹೆಗಲುಗಳಿಗೆ ಉಗುರುಬೆಚ್ಚಗಿನ ತೈಲದ ಮೃದುವಾದ ಅಭ್ಯಂಗ, ಹದವಾದ ಶಾಖ, ಸಕಾಲದ ನಿದ್ರೆ, ಬೆಚ್ಚಗಿನ ಮೆತ್ತನೆಯ ಆಹಾರ, ಹೊರಗೆ ಹೋಗುವಾಗ ಮುಖಕ್ಕೆ ಸೆರಗಿನ ಮರೆ: ಇವು ದೇಹಕ್ಕೆ ನೆಮ್ಮದಿ ನೀಡುತ್ತವೆ. ನೋವು ಕೆರಳಿರುವಾಗ ಮುಖವನ್ನು ಮಾತ್ರ ಉಜ್ಜಬಾರದು.

ಮುಖ ಮರಗಟ್ಟಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಸಾಗಬೇಕು. ಐವತ್ತು ದಾಟಿದವರಿಗೆ ಕಪೋಲದ ಮೇಲ್ಭಾಗದ ಕಣತಲೆಯಲ್ಲಿ ಹೊಸದಾಗಿ ನೋವು ಕಾಣಿಸಿಕೊಂಡು ದೃಷ್ಟಿ ಮಂಜಾದರೂ ಹಾಗೆಯೇ.

ಆ ತಾಯಿಗೆ ತಜ್ಞರ ಚಿಕಿತ್ಸೆಯಿಂದ ನೋವು ಹತೋಟಿಗೆ ಬಂತು. ಕಳೆದ ಹಲ್ಲುಗಳು ಮರಳಲಿಲ್ಲ. ಈ ನೋವಿಗೆ ಬಾವಿಲ್ಲ, ಗಾಯವಿಲ್ಲ. ನೋಡುವವರ ಕಣ್ಣಿಗೆ ಏನೂ ಕಾಣದು. ಆದುದರಿಂದ ಪಂಕ್ತಿಯಲ್ಲಿ ಯಾರಾದರೂ ಪ್ರಸಾದ ಬಿಟ್ಟು ಎದ್ದರೆ ಗದರುವ ಮೊದಲು, ಅಗಿಯಲು ನೋವಾಗುವುದೇ ಎಂದು ಕೇಳೋಣ. ಚಿಕಿತ್ಸೆ ಅಲ್ಲಿಂದಲೇ ಮೊದಲಾಗುತ್ತದೆ.