ದೊರೆಯ ಬೆನ್ನಿಗೆ ಗರುಡರು

ಹಾಸನದಿಂದ ಬೆಂಗಳೂರಿನತ್ತ ಹೊರಟರೆ ಸಿಗುವ ಶಾಂತಿಗ್ರಾಮ ಹೊಯ್ಸಳರ ರಾಣಿ ಶಾಂತಲೆಯ ಹೆಸರು ಹೊತ್ತ ಊರು. ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಹಾಸನದಿಂದ ಇನ್ನೊಂದು ದಿಕ್ಕಿಗೆ ಸುಮಾರು 30 ಕಿ.ಮೀ. ದೂರದಲ್ಲಿದೆ. ಶಾಲಾ ಪ್ರವಾಸಕ್ಕೆಂದು ಅಲ್ಲಿಗೆ ಹೋಗುವ ಮಕ್ಕಳು ಹೊಯ್ಸಳೇಶ್ವರನ ಗುಡಿಯನ್ನು ಸುತ್ತಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಗುಡಿಯ ದಕ್ಷಿಣಕ್ಕಿರುವ ಕಂಬವೊಂದನ್ನು ನಿಂತು ನೋಡುವವರು ಕಡಿಮೆ.

ಅದು ಕುವರ ಲಕ್ಷ್ಮನ ಕಂಬ. ಈತ ಇಮ್ಮಡಿ ವೀರಬಲ್ಲಾಳನ ದಂಡನಾಯಕ; ಅಷ್ಟೇ ಅಲ್ಲ, ದೊರೆಯ 'ಗರುಡ'. ಗರುಡರೆಂದರೆ ಸಂಬಳಕ್ಕೆ ನಿಂತ ಬೆಂಗಾವಲಿನವರಲ್ಲ, ದೊರೆ ಸತ್ತ ಮೇಲೆ ತಾವೂ ಬದುಕುವುದಿಲ್ಲವೆಂದು ಭಾಷೆ ಕೊಟ್ಟವರು. ಆ ಭಾಷೆಯ ಗುರುತಾಗಿ ಲಕ್ಷ್ಮನ ಎಡಗಾಲಿನಲ್ಲಿ ಹೊನ್ನಿನ ತೊಡರಿತ್ತು. 1220ರ ಸುಮಾರಿಗೆ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಮಡದಿ ಸುಗ್ಗಲದೇವಿ ಮತ್ತು ಒಂದು ಸಾವಿರ ವೀರರು ಪ್ರಾಣ ತೊರೆದರೆಂದು ಕಂಬದ ಶಾಸನ ಹೇಳುತ್ತದೆ. ಕತ್ತಿ ಹಿಡಿದು ತಮ್ಮನ್ನೇ ತಾವು ಇರಿದುಕೊಳ್ಳುವವರ ಪುಟ್ಟ ಆಕೃತಿಗಳು ಕಂಬದ ಮೇಲಿವೆ. ಮಕ್ಕಳಿಗೆ ತೋರಿಸಲು ತುಸು ಕಷ್ಟವಾಗುವ ದೃಶ್ಯವೇ ಸರಿ.

ಇಷ್ಟು ಕಠೋರವಾದ ಕಟ್ಟಳೆ ಏಕಿದ್ದೀತು? ಉತ್ತರಕ್ಕೆ ಪ್ರಾಚೀನ ರೋಮ್ ನಗರವನ್ನು ನೋಡಬೇಕು. ಅಲ್ಲಿ ರಾತ್ರಿ ಪಹರೆಗೆ ಮತ್ತು ಬೆಂಕಿ ಆರಿಸಲು ಸಾಮ್ರಾಟ ಅಗಸ್ಟಸ್ ಕ್ರಿ.ಶ. 6ರಲ್ಲಿ ಏಳು ತುಕಡಿಗಳನ್ನು ಕಟ್ಟಿದ. ನಗರದ ಶಿಸ್ತಿಗೆ ಬೇರೆ ತುಕಡಿಗಳಿದ್ದವು. ಸಾಮ್ರಾಟನ ಅಂಗರಕ್ಷಣೆಗೆ ಪ್ರಿಟೋರಿಯನ್ ಪಡೆ. ಆದರೆ ಕಾಯಬೇಕಾದ ಆ ಪಡೆಯವರೇ ಕ್ರಿ.ಶ. 41ರಲ್ಲಿ ಕ್ಯಾಲಿಗುಲನನ್ನು ಕೊಂದರು. ಮುಂದೆ ಪಟ್ಟಕ್ಕೆ ಬಂದ ಕ್ಲಾಡಿಯಸ್ ತಲೆಗೆ 15,000 ನಾಣ್ಯ ಇನಾಮು ಕೊಡಬೇಕಾಯಿತು. 193ರಲ್ಲಂತೂ ಪರ್ಟಿನಾಕ್ಸ್‌ನನ್ನು ಕೊಂದು ಸಿಂಹಾಸನವನ್ನೇ ಹರಾಜಿಗಿಟ್ಟರು! ತಲೆಗೆ 25,000 ಕೂಗಿದ ಡಿಡಿಯಸ್ ಜೂಲಿಯಾನಸ್ ಸಾಮ್ರಾಟನಾದ, ಒಂಬತ್ತು ವಾರ ಆಳಿ ಕೊಲೆಯಾದ. 312ರಲ್ಲಿ ಕಾನ್‌ಸ್ಟಂಟೈನ್ ಆ ಪಡೆಯನ್ನೇ ವಿಸರ್ಜಿಸಿದ.

ದೊರೆ ಬದಲಾದಾಗಲೆಲ್ಲ ರೋಮ್‌ನ ಕಾವಲುಗಾರನಿಗೆ ಲಾಭ. ದೋರಸಮುದ್ರದ ಗರುಡನಿಗೆ ಅದೇ ದಿನ ಮರಣ. ಪಿತೂರಿ ಮಾಡಿ ಅವನು ಪಡೆಯುವುದಾದರೂ ಏನು? ದೊರೆಯ ದೃಷ್ಟಿಯಿಂದ ಇದಕ್ಕಿಂತ ಭದ್ರವಾದ ಕಾವಲಿಲ್ಲ. ಆದರೆ ವಯಸ್ಸಾಗಿ ಸತ್ತ ದೊರೆಯೊಬ್ಬನಿಗಾಗಿ, ನಾಡಿಗೆ ಬೇಕಾಗಿದ್ದ ದಂಡನಾಯಕನನ್ನೂ ಸಾವಿರ ಮಂದಿಯನ್ನೂ ಒಂದೇ ಸಲ ಕಳೆದುಕೊಂಡದ್ದು ಲಾಭವೆಂದು ಹೇಳಲಾಗದು.

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿಯೂ ಗರುಡಗಂಬಗಳಿವೆ. ಅಲ್ಲಿ ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೊಯ್ಸಳ ದೊರೆಗಳಿಗೆ ಗರುಡರಾಗಿದ್ದರು; ಅಪ್ಪ ಕೊಟ್ಟ ಭಾಷೆಯನ್ನೇ ಮಗನೂ ಕೊಟ್ಟ.